ಕ್ಷಮಿಸುವ ಹಕ್ಕು ಯಾರದು?

2000ನೆಯ ಇಸವಿಯ ಏಪ್ರಿಲ್ ತಿಂಗಳು. ನಾವು ಆಗ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಸಂಸ್ಕೃತ ಪಾಠ ಹೇಳಿಕೊಂಡು, ಹುಡುಗರ ಮೇಲ್ವಿಚಾರಣೆಯನ್ನೂ ನೋಡಿಕೊಂಡು ಇದ್ದೆವು. ಪರೀಕ್ಷೆಗಳು ಮುಗಿದು ಅರ್ಧದಷ್ಟು ಮಕ್ಕಳು ಊರುಗಳಿಗೆ ತೆರಳಿದ್ದರು. ಉಳಿದವರ ಕೋಣೆಯೊಂದರ ಗೋಡೆಯಲ್ಲಿ ತೆಂಡೂಲ್ಕರ್, ಕುಂಬ್ಳೆ, ದ್ರಾವಿಡ್ ಅವರ ಚಿತ್ರಗಳ ಪಕ್ಕದಲ್ಲಿ ಅಂಟಿಸಿದ್ದ ಒಬ್ಬ ವಿದೇಶೀ ಆಟಗಾರನ ಚಿತ್ರವನ್ನು ಒಂದು ಬೆಳಿಗ್ಗೆ ಯಾರೋ ಕಿತ್ತು ನೆಲಕ್ಕೆ ಎಸೆದಿದ್ದರು. ಅದು ದಕ್ಷಿಣ ಆಫ್ರಿಕಾ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ ಅವರ ಚಿತ್ರ. ಹಣ ಪಡೆದು ಮೋಸದಾಟಕ್ಕೆ ಕೈಹಾಕಿದರೆಂಬ ಸುದ್ದಿ ಆ ವಾರದ ಪತ್ರಿಕೆಗಳನ್ನೆಲ್ಲ ತುಂಬಿತ್ತು.

ಕ್ರಿಕೆಟ್ಟಿನ ಬಗೆಗೆ ನಮಗಿದ್ದ ಜ್ಞಾನ ಅಷ್ಟಕ್ಕಷ್ಟೆ. ಆದರೂ ಒಬ್ಬ ಹುಡುಗ ಹರಿದ ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡು ಬಂದು, "ಗುರುಗಳೇ, ಅವರು ತಪ್ಪು ಒಪ್ಪಿಕೊಂಡಿದ್ದಾರಂತೆ. ಒಪ್ಪಿಕೊಂಡ ಮೇಲೆ ಕ್ಷಮಿಸಬೇಕಲ್ಲವೇ?" ಎಂದು ಕೇಳಿದ. "ಕ್ಷಮಿಸಬೇಕಪ್ಪಾ, ಒಪ್ಪಿಕೊಂಡವನನ್ನು ಕ್ಷಮಿಸದಿದ್ದರೆ ನಾಳೆ ಯಾರೂ ಒಪ್ಪಿಕೊಳ್ಳುವುದಿಲ್ಲ" ಎಂದು ನಾವು ತಡಮಾಡದೆ ಉತ್ತರ ಕೊಟ್ಟೆವು. ಅವನು ಸಮಾಧಾನದಿಂದ ಹೋಗಿ, ದಾಸೋಹದ ಮನೆಯಿಂದ ನಾಲ್ಕು ಅಗುಳು ಅನ್ನ ತಂದು ಮಸೆದು, ಚಿತ್ರವನ್ನು ಮತ್ತೆ ಗೋಡೆಗೆ ಅಂಟಿಸಿದ. ಆ ಉತ್ತರದ ಬಗೆಗೆ ನಮಗೆ ಆಗ ಸಂತೋಷವೇ ಆಗಿತ್ತು. ಇಷ್ಟು ವರ್ಷಗಳ ಮೇಲೆ ಅದನ್ನು ನೆನೆದಾಗ, ಆ ಹುಡುಗನಿಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟೆವೆಂದು ಅನಿಸುತ್ತದೆ. ಉಳಿದ ಅರ್ಧವನ್ನು ಹುಡುಕುವ ಸಲುವಾಗಿ ಆ ಪ್ರಕರಣವನ್ನು ಓದುಗ ಬಂಧುಗಳ ಮುಂದೆ ಇನ್ನೊಮ್ಮೆ ಇಡುತ್ತಿದ್ದೇವೆ.

ಕ್ರೋನಿಯೆ ಸಾಮಾನ್ಯ ಆಟಗಾರರಾಗಿರಲಿಲ್ಲ. 1969ರ ಸೆಪ್ಟೆಂಬರ್ 25ರಂದು ಬ್ಲೂಮ್‌ಫಾಂಟೇನ್ ಎಂಬ ಊರಿನಲ್ಲಿ ಹುಟ್ಟಿ, ಅಲ್ಲಿಯ ಪ್ರಸಿದ್ಧ ಗ್ರೇ ಕಾಲೇಜಿನಲ್ಲಿ ಓದಿದವರು. ವರ್ಣಭೇದ ನೀತಿಯ ಕಾರಣದಿಂದ ಎರಡು ದಶಕಗಳ ಕಾಲ ಜಗತ್ತಿನಿಂದ ಬಹಿಷ್ಕೃತವಾಗಿದ್ದ ದಕ್ಷಿಣ ಆಫ್ರಿಕಾದ ಕ್ರಿಕೆಟ್ 1991ರ ನವೆಂಬರಿನಲ್ಲಿ ನಮ್ಮ ಕಲ್ಕತ್ತೆಯ ಈಡನ್ ಉದ್ಯಾನದಲ್ಲಿಯೇ ಮರಳಿ ಅಂತರರಾಷ್ಟ್ರೀಯ ಕಣಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ ನಾಯಕತ್ವ ಕ್ರೋನಿಯೆ ಅವರ ಕೈಗೆ ಬಂತು. ಅವರ ನೇತೃತ್ವದಲ್ಲಿ ತಂಡ 53 ಟೆಸ್ಟ್ ಪಂದ್ಯಗಳನ್ನಾಡಿ 27ರಲ್ಲಿ ಗೆದ್ದಿತು. ಒಂದು ದಿನದ 138 ಪಂದ್ಯಗಳಲ್ಲಿ 99 ಗೆಲುವು. ಹೊಸದಾಗಿ ಹುಟ್ಟುತ್ತಿದ್ದ ಒಂದು ರಾಷ್ಟ್ರ ತನ್ನ ಮುಖವನ್ನು ನೋಡಿಕೊಳ್ಳುತ್ತಿದ್ದ ಕನ್ನಡಿಗಳಲ್ಲಿ ಈ ಆಟಗಾರರೂ ಒಬ್ಬರು. ಶಿಸ್ತು, ಸಂಯಮ, ದೈವಭಕ್ತಿ ಇವರ ಹೆಸರಿನ ಜೊತೆಗೇ ಬರುತ್ತಿದ್ದ ಮಾತುಗಳು. "ಯೇಸುಸ್ವಾಮಿಯಾಗಿದ್ದರೆ ಈಗ ಏನು ಮಾಡುತ್ತಿದ್ದರು?" ಎಂಬ ಪ್ರಶ್ನೆಯನ್ನು ನಾಲ್ಕು ಆಂಗ್ಲ ಅಕ್ಷರಗಳಲ್ಲಿ ಅಡಕಗೊಳಿಸಿದ ಪಟ್ಟಿಯೊಂದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದರು. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿ ವ್ಯಾಪಾರ ವ್ಯವಹಾರ ಮಾಡುವ ನಾವು ಇದನ್ನು ಕೇಳಿ ನಗುವ ಹಾಗಿಲ್ಲ.

2000ನೆಯ ವರ್ಷದ ಆರಂಭದಲ್ಲಿ ಈ ತಂಡ ಭಾರತ ಪ್ರವಾಸಕ್ಕೆ ಬಂತು. ಮಾರ್ಚ್ 2ರಿಂದ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎರಡನೆಯ ಟೆಸ್ಟ್ ನಡೆದು, ದಕ್ಷಿಣ ಆಫ್ರಿಕಾ ಒಂದು ಇನ್ನಿಂಗ್ಸ್ ಮತ್ತು 71 ರನ್ನುಗಳಿಂದ ಗೆದ್ದಿತು. ಭಾರತದ ನೆಲದಲ್ಲಿ ಅವರು ಸರಣಿ ಗೆದ್ದದ್ದು ಅದೇ ಮೊದಲು. ಅಂಥ ಗೆಲುವಿನ ಮುನ್ನಾದಿನಗಳಲ್ಲಿ, ಬೆಂಗಳೂರಿನ ಹೋಟೆಲಿನಲ್ಲಿ, ಕ್ರೋನಿಯೆ ತಮ್ಮ ತಂಡದ ಮೂವರು ಪ್ರಮುಖ ಆಟಗಾರರಾದ ಕಾಲಿಸ್, ಬೌಚರ್ ಮತ್ತು ಕ್ಲೂಸ್ನರ್ ಅವರ ಬಳಿ ಹಣಕ್ಕಾಗಿ ಆಟ ಕೆಡಿಸುವ ಮಾತನ್ನು ಎತ್ತಿದರೆಂಬುದು ಮುಂದೆ ವಿಚಾರಣೆಯಲ್ಲಿ ಹೊರಬಂತು. ಅವರು ಅದನ್ನು ನಾಯಕನ ಹಾಸ್ಯವೆಂದು ತಿಳಿದು ನಕ್ಕು ಬಿಟ್ಟರು. ಪಾಪವು ಮೊದಲು ಹಾಸ್ಯದ ವೇಷದಲ್ಲಿಯೇ ಬಾಗಿಲು ತಟ್ಟುತ್ತದೆಯಷ್ಟೆ. ಒಳಗೆ ಬಿಟ್ಟುಕೊಂಡರೆ ಸರಿ, ಇಲ್ಲವಾದರೆ ತಮಾಷೆ ಮಾಡಿದೆನೆಂದು ಹಿಂದಿರುಗಲು ಅದಕ್ಕೆ ದಾರಿ ಇರುತ್ತದೆ.

ಮಾರ್ಚ್ 19ರಂದು ನಾಗಪುರದಲ್ಲಿ ಐದನೆಯ ಏಕದಿನ ಪಂದ್ಯ. ಅಂದು ನಾಯಕನ ಮಾತು ಹಾಸ್ಯವಾಗಿ ಉಳಿಯಲಿಲ್ಲ. ಹರ್ಷೆಲ್ ಗಿಬ್ಸ್ ಎಂಬ ಬ್ಯಾಟುಗಾರನಿಗೆ 20 ರನ್ನಿನೊಳಗೆ ಔಟಾಗುವಂತೆಯೂ, ಹೆನ್ರಿ ವಿಲಿಯಮ್ಸ್ ಎಂಬ ಬೌಲರನಿಗೆ ತನ್ನ ಹತ್ತು ಓವರುಗಳಲ್ಲಿ 50ಕ್ಕೂ ಹೆಚ್ಚು ರನ್ ಬಿಟ್ಟುಕೊಡುವಂತೆಯೂ ಹೇಳಿ, ತಲಾ 15,000 ಡಾಲರುಗಳ ಆಸೆ ತೋರಿಸಲಾಯಿತು. ಇಬ್ಬರೂ ಒಪ್ಪಿದ್ದಾಗಿ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಆಟ ಮಾತ್ರ ಬೇರೆಯೇ ಆಯಿತು. ಗಿಬ್ಸ್ 53 ಎಸೆತಗಳಲ್ಲಿ 74 ರನ್ ಬಾರಿಸಿಬಿಟ್ಟರು. ವಿಲಿಯಮ್ಸ್ ತಮ್ಮ ಎರಡನೆಯ ಓವರು ಮುಗಿಸುವ ಮೊದಲೇ ಭುಜಕ್ಕೆ ಪೆಟ್ಟಾಗಿ ಹೊರನಡೆದರು. ದಕ್ಷಿಣ ಆಫ್ರಿಕಾ 10 ರನ್ನುಗಳಿಂದ ಗೆದ್ದಿತು. ಮಾತು ಕೊಟ್ಟಿದ್ದೂ ಹುಸಿ, ಕೊಡುತ್ತೇನೆಂದ ಹಣವೂ ಹುಸಿ. ಆದರೆ ಒಪ್ಪಿದ ಕ್ಷಣ ಹುಸಿಯಲ್ಲ.

ಇಲ್ಲಿ ಒಂದು ಲೆಕ್ಕವನ್ನು ಓದುಗರು ಗಮನಿಸಬೇಕು. ದೆಹಲಿ ಪೊಲೀಸರು ಬಹಿರಂಗಪಡಿಸಿದ ದೂರವಾಣಿ ಸಂಭಾಷಣೆಯಲ್ಲಿ ಈ ಆಟಗಾರರಿಗಾಗಿ ಬುಕ್ಕಿಯೊಡನೆ ಮಾತಾದದ್ದು ತಲಾ 25,000 ಡಾಲರು. ಗಿಬ್ಸ್ ಅವರ ಸಾಕ್ಷ್ಯದಂತೆ ನಾಯಕ ಅವರಿಗೆ ಹೇಳಿದ್ದು 15,000. ನಡುವಿನ 10,000 ಎಲ್ಲಿ ನಿಲ್ಲಬೇಕಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಕಹಿಯಾಗಿ ತೋರಿದ್ದು ಇದೇ. ದೊಡ್ಡವನು ಚಿಕ್ಕವರನ್ನು ಕೆಸರಿಗೆ ಇಳಿಸುವಾಗಲೂ ಅವರ ಪಾಲಿನಲ್ಲಿ ಕೈಯಿಟ್ಟಿದ್ದ. ಈ ಇಬ್ಬರೂ ವರ್ಣಭೇದದ ಕಾಲದಲ್ಲಿ ತುಳಿಯಲ್ಪಟ್ಟ ಮಿಶ್ರವರ್ಣೀಯ ಜನಾಂಗಕ್ಕೆ ಸೇರಿದವರು. ವಿಲಿಯಮ್ಸ್ ಅಂತೂ ಅದೇ ವರ್ಷ ತಂಡಕ್ಕೆ ಬಂದ ಹೊಸಬರು. ನಾಯಕನಿಗೆ ಇಲ್ಲವೆನ್ನುವ ಬಲ ಕಾಲಿಸ್‌ರಂಥವರಿಗೆ ಇದ್ದಷ್ಟು ಅವರಿಗೆ ಇರಲಿಲ್ಲ. ಹಾಗೆಂದು ಅವರ ತಪ್ಪು ತಪ್ಪಲ್ಲವಾಗುವುದಿಲ್ಲ. ತಪ್ಪಿನ ಭಾರವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದನ್ನೂ ಇಡಬೇಕು, ಅಷ್ಟೆ.

ಏಪ್ರಿಲ್ 7ರಂದು ದೆಹಲಿ ಪೊಲೀಸರು ಆರೋಪ ಹೊರಿಸಿದಾಗ ದಕ್ಷಿಣ ಆಫ್ರಿಕಾದಲ್ಲಿ ನಂಬಿದವರು ಕಡಮೆ. ನಾಯಕನಿಗಿಂತ ಭಾರತದ ಪೊಲೀಸರ ಮೇಲೆಯೇ ಸಂಶಯಪಟ್ಟವರು ಹೆಚ್ಚು. ಕ್ರೋನಿಯೆ ಪತ್ರಕರ್ತರ ಎದುರು ಕುಳಿತು ಎಲ್ಲವನ್ನೂ ಅಲ್ಲಗಳೆದರು. ಆದರೆ ಏಪ್ರಿಲ್ 11ರ ನಸುಕಿನ ಮೂರು ಗಂಟೆಗೆ ಕ್ರಿಕೆಟ್ ಮಂಡಳಿಯ ಮುಖ್ಯಸ್ಥ ಅಲಿ ಬಾಕರ್ ಅವರಿಗೆ ದೂರವಾಣಿ ಮಾಡಿ, ತಾನು ಪೂರ್ಣವಾಗಿ ಪ್ರಾಮಾಣಿಕನಾಗಿರಲಿಲ್ಲವೆಂದು ತಿಳಿಸಿದರು. ಅಂದೇ ನಾಯಕತ್ವ ಹೋಯಿತು. ಮನಸ್ಸಿನ ಮೇಲಿನ ಕಲ್ಲು ಎಷ್ಟು ಭಾರವಾಗಿದ್ದರೆ ಒಬ್ಬ ಮನುಷ್ಯ ಅಪರಾತ್ರಿಯಲ್ಲಿ ಎದ್ದು ಕುಳಿತು ಹಾಗೆ ಕರೆ ಮಾಡಿಯಾನು! ಆ ಮೂರು ಗಂಟೆಯ ಕತ್ತಲೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದು ನಿಜವಾದ ನೋವೇ ಇರಬೇಕು.

ಆದರೆ ಅಂದು ಒಪ್ಪಿಕೊಂಡದ್ದು ಎಷ್ಟು? ಮುನ್ಸೂಚನೆ, ಮಾಹಿತಿ ನೀಡಿದ್ದಕ್ಕಾಗಿ ಹತ್ತರಿಂದ ಹದಿನೈದು ಸಾವಿರ ಡಾಲರು ಪಡೆದೆ, ಪಂದ್ಯ ಮಾರಲಿಲ್ಲ, ಎಂಬಷ್ಟು ಮಾತ್ರ. ಜೂನ್ ತಿಂಗಳಲ್ಲಿ ಕೇಪ್‌ಟೌನಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎಡ್ವಿನ್ ಕಿಂಗ್ ಅವರ ಆಯೋಗ ವಿಚಾರಣೆಗೆ ಕುಳಿತಾಗ, ಗಿಬ್ಸ್ ಮೊದಲು ಸಾಕ್ಷಿ ಹೇಳಿ ನಾಗಪುರದ ಸಂಗತಿಯನ್ನು ಹೊರಗೆಡಹಿದ ಮೇಲೆ, ಜೂನ್ 15ರಂದು ಕ್ರೋನಿಯೆ ಓದಿದ ಹೇಳಿಕೆಯಲ್ಲಿ ಕಥೆ ಇನ್ನಷ್ಟು ಉದ್ದವಾಗಿತ್ತು. 1996ರಲ್ಲಿ ಕಾನಪುರದಲ್ಲಿ ಪಡೆದ 30,000 ಡಾಲರು ಅದರಲ್ಲಿ ಸೇರಿತು. ಒಟ್ಟು ಮೊತ್ತ ಒಂದು ಲಕ್ಷ ಡಾಲರುಗಳನ್ನು ದಾಟಿತು. ಅದೇ 2000ದ ಜನವರಿಯಲ್ಲಿ ಸೆಂಚುರಿಯನ್ ಎಂಬಲ್ಲಿ, ಮಳೆಯಿಂದ ದಿನಗಳೇ ಕೊಚ್ಚಿಹೋಗಿದ್ದ ಟೆಸ್ಟ್ ಪಂದ್ಯವನ್ನು ಎರಡೂ ತಂಡಗಳು ಒಂದೊಂದು ಇನ್ನಿಂಗ್ಸನ್ನೇ ಬಿಟ್ಟುಕೊಟ್ಟು ರೋಚಕವಾಗಿ ಮುಗಿಸಿದ್ದವು. ಇಂಗ್ಲೆಂಡ್ ಎರಡು ವಿಕೆಟುಗಳಿಂದ ಗೆದ್ದಿತ್ತು. ಕ್ರೀಡಾಮನೋಭಾವದ ಪರಾಕಾಷ್ಠೆಯೆಂದು ಹೊಗಳಿಸಿಕೊಂಡ ಆ ಪಂದ್ಯದ ಹಿಂದೆಯೂ ಒಬ್ಬ ಜೂಜಿನ ವ್ಯವಹಾರದವನಿದ್ದ. ಅವನಿಂದ ಬಂದದ್ದು ಸ್ವಲ್ಪ ಹಣ, ನಾಯಕನ ಪತ್ನಿಗೆಂದು ಒಂದು ಚರ್ಮದ ಜಾಕೆಟ್ಟು. ಜೊತೆಗೆ, ನಾಯಕ ಹೇಳಿದ ಧರ್ಮಸಂಸ್ಥೆಗೆ ಐದು ಲಕ್ಷ ರ್‍ಯಾಂಡ್ ದಾನ ಕೊಡುವೆನೆಂಬ ಮಾತು! ಅನ್ಯಾಯದ ಗಳಿಕೆಗೆ ದಾನದ ಹೊದಿಕೆ ಹೊದಿಸುವ ಈ ಚಾಳಿ ಆ ಖಂಡಕ್ಕೆ ಮಾತ್ರ ಸೀಮಿತವಾಗಿಲ್ಲವೆಂಬುದು, ದೇಣಿಗೆಯ ರಸೀದಿ ಪುಸ್ತಕಗಳನ್ನು ವರ್ಷಗಟ್ಟಲೆ ನೋಡಿದ ನಮಗೆ ಚೆನ್ನಾಗಿ ಗೊತ್ತು.

ಹೀಗೆ ಕಂತುಕಂತಾಗಿ ಬಂದ ಸತ್ಯವನ್ನು ಪಶ್ಚಾತ್ತಾಪವೆಂದು ಕರೆಯಬಹುದೇ? ಕೇಳಿದಷ್ಟಕ್ಕೆ ಉತ್ತರ, ಸಿಕ್ಕಿಬಿದ್ದಷ್ಟಕ್ಕೆ ಒಪ್ಪಿಗೆ. ಸೈತಾನನು ತನ್ನನ್ನು ಕುಣಿಸಿದನೆಂಬ ಅರ್ಥದ ಮಾತು ಅವರ ಬಾಯಿಂದ ಬಂದಾಗ ಹಲವರು ಹುಬ್ಬೇರಿಸಿದರು. ನಮ್ಮ ಕಡೆ ಇದಕ್ಕೇ ಗ್ರಹಚಾರವೆನ್ನುತ್ತಾರೆ. ಕೈ ನಮ್ಮದು, ಕಾರಣ ಶನಿಯದು. ಆದರೆ ಅದೇ ವಿಚಾರಣೆಯಲ್ಲಿ ಅವರು ಹಣದ ಮೇಲೆ ತನಗಿದ್ದ ವ್ಯಾಮೋಹವನ್ನು ಬಾಯಿಬಿಟ್ಟು ಹೇಳಿದರು. ಗಿಬ್ಸ್, ವಿಲಿಯಮ್ಸ್ ಇಬ್ಬರನ್ನೂ ತಾನು ಎಳೆದುದರ ಬಗೆಗೆ ವಿಷಾದಪಟ್ಟರು. ಪಾಟೀಸವಾಲಿನ ಕೊನೆಯ ದಿನ ಹೊರಗೆ ನಡೆದುಹೋಗುವಾಗ ಕುಸಿದು ಬಿಕ್ಕಿಬಿಕ್ಕಿ ಅತ್ತರು; ಜೊತೆಯಲ್ಲಿದ್ದವರು ಹಿಡಿದು ನಡೆಸಬೇಕಾಯಿತು. ಆ ಕಣ್ಣೀರಿನಲ್ಲಿ ಎಷ್ಟು ಪಾಲು ಮಾಡಿದ್ದಕ್ಕೆ, ಎಷ್ಟು ಪಾಲು ಕಳೆದುಕೊಂಡಿದ್ದಕ್ಕೆ ಎಂದು ಅಳೆಯುವ ಮಾಪಕ ಯಾರ ಬಳಿಯೂ ಇಲ್ಲ. ಬಹುಶಃ ಅಳುವವನ ಬಳಿಯೂ ಇರುವುದಿಲ್ಲ. ಮನುಷ್ಯನ ಪಶ್ಚಾತ್ತಾಪ ಶುದ್ಧ ಬಂಗಾರವಾಗಿ ಗಣಿಯಿಂದ ಹೊರಬರುವುದಿಲ್ಲ. ಮಣ್ಣು ಕಲ್ಲು ಕೂಡಿಕೊಂಡೇ ಬರುತ್ತದೆ. ಆದ್ದರಿಂದ ಕಂತಿನ ಸತ್ಯವೆಂದು ಅದನ್ನು ಪೂರ್ತಿ ತಳ್ಳಿಹಾಕುವವರ ಗುಂಪಿಗೆ ನಾವು ಸೇರುವುದಿಲ್ಲ.

ಆ ಆಯೋಗ ಕುಳಿತ ನಾಡು ಎಂಥದು ಎಂಬುದನ್ನು ಇಲ್ಲಿ ನೆನೆಯಬೇಕು. ಕೆಲವೇ ವರ್ಷಗಳ ಹಿಂದೆ, 1996ರ ಏಪ್ರಿಲ್ 15ರಂದು, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ ತನ್ನ ಮೊದಲ ಬಹಿರಂಗ ವಿಚಾರಣೆಯನ್ನು ಆರಂಭಿಸಿತ್ತು. ವರ್ಣಭೇದದ ಕಾಲದಲ್ಲಿ ರಾಜಕೀಯ ಕಾರಣಕ್ಕೆ ಕೊಲೆ, ಚಿತ್ರಹಿಂಸೆಗಳನ್ನು ಮಾಡಿದವರು ಬಂದು ಪೂರ್ಣ ಸತ್ಯವನ್ನು ನುಡಿದರೆ ಕಾನೂನಿನ ಶಿಕ್ಷೆಯಿಂದ ಬಿಡುಗಡೆ. 7,112 ಮಂದಿ ಅರ್ಜಿ ಹಾಕಿದರು. ಕ್ಷಮಾದಾನ ದೊರೆತದ್ದು 849 ಮಂದಿಗೆ ಮಾತ್ರ. ಕ್ರೋನಿಯೆ ಅವರಿಗೂ ಕಿಂಗ್ ಆಯೋಗದಲ್ಲಿ ಅದೇ ಅಚ್ಚಿನ ಭರವಸೆ ದೊರೆತಿತ್ತು: ಪೂರ್ಣ ಸತ್ಯ ಹೇಳಿದರೆ ತಮ್ಮ ದೇಶದಲ್ಲಿ ಕ್ರಿಮಿನಲ್ ಮೊಕದ್ದಮೆ ಇಲ್ಲ.

ಟುಟು ಅವರ ಆಯೋಗದ ಒಂದು ನಿಯಮ ನಮ್ಮನ್ನು ಬಹುಕಾಲ ಯೋಚನೆಗೆ ಹಚ್ಚಿತು. ಅರ್ಜಿದಾರನು ಪಶ್ಚಾತ್ತಾಪಪಡಬೇಕೆಂದು ಕಾನೂನು ಕೇಳಲಿಲ್ಲ! ಸತ್ಯ ಹೇಳಬೇಕು, ಅಷ್ಟೆ. ಮೊದಲು ಇದನ್ನು ಓದಿದಾಗ ಧರ್ಮಗುರುವೊಬ್ಬರು ಅಧ್ಯಕ್ಷರಾಗಿರುವಲ್ಲಿ ಇದೇನು ವಿಚಿತ್ರವೆನಿಸಿತು. ಆಮೇಲೆ ಅದರಲ್ಲಿನ ವಿವೇಕ ತಿಳಿಯಿತು. ಸರ್ಕಾರ ಕೊಡಬಲ್ಲದ್ದು ಶಿಕ್ಷೆಯ ಮಾಫಿ. ಹೃದಯದ ಕ್ಷಮೆ ಸರ್ಕಾರದ ಬೊಕ್ಕಸದಲ್ಲಿ ಇಲ್ಲ. ಆದ್ದರಿಂದ ಅದಕ್ಕೆ ಪ್ರತಿಯಾದ ಪಶ್ಚಾತ್ತಾಪವನ್ನು ಕೇಳುವ ಅಧಿಕಾರವೂ ಅದಕ್ಕಿಲ್ಲ. ಅದನ್ನು ನೊಂದವರಿಗೇ ಬಿಟ್ಟುಕೊಟ್ಟಿತು.

ನೊಂದವರು ಏನು ಮಾಡಿದರು? ಕೆಲವರು ಕ್ಷಮಿಸಿದರು, ಹಲವರು ಇಲ್ಲವೆಂದರು. ಇಲ್ಲವೆನ್ನುವುದೂ ಅವರ ಹಕ್ಕೇ. ಕೇಪ್‌ಟೌನಿನ ಅಂಚಿನ ಗುಗುಲೆಟು ಎಂಬ ಬಡಾವಣೆಯಲ್ಲಿ 1993ರ ಆಗಸ್ಟ್ 25ರಂದು ಅಮೆರಿಕದಿಂದ ಓದಲು ಬಂದಿದ್ದ ಎಮಿ ಬೀಲ್ ಎಂಬ ಯುವತಿಯನ್ನು ಉದ್ರಿಕ್ತ ಗುಂಪೊಂದು ಕೊಂದುಹಾಕಿತ್ತು. ಕಪ್ಪುಜನರ ಹಕ್ಕಿಗಾಗಿಯೇ ದುಡಿಯುತ್ತಿದ್ದ ಹುಡುಗಿ ಆಕೆ. ಶಿಕ್ಷೆಗೆ ಒಳಗಾದ ನಾಲ್ವರು ತರುಣರು ಕ್ಷಮಾದಾನಕ್ಕೆ ಅರ್ಜಿ ಹಾಕಿದಾಗ ಎಮಿಯ ತಂದೆ ತಾಯಿ ಕಡಲು ದಾಟಿ ಬಂದು ಅದನ್ನು ವಿರೋಧಿಸುವುದಿಲ್ಲವೆಂದರು. 1998ರಲ್ಲಿ ನಾಲ್ವರೂ ಬಿಡುಗಡೆಯಾದರು. ಅವರಲ್ಲಿ ಇಬ್ಬರು ಮುಂದೆ ಎಮಿಯ ಹೆಸರಿನ ಪ್ರತಿಷ್ಠಾನದಲ್ಲಿಯೇ, ಆ ತಂದೆ ತಾಯಿಯ ಜೊತೆಗೇ, ಬಡಾವಣೆಯ ಮಕ್ಕಳಿಗಾಗಿ ದುಡಿದರು. ಮಗಳನ್ನು ಕೊಂದವರಿಗೆ ಕೆಲಸ ಕೊಟ್ಟು ಎದುರಿಗೆ ಇಟ್ಟುಕೊಳ್ಳುವುದೆಂದರೆ! ಆ ತಾಯಿ ಪ್ರತಿ ಬೆಳಿಗ್ಗೆ ಆ ಮುಖಗಳನ್ನು ಹೇಗೆ ನೋಡಿದರೋ ಎಂದು ನಾವು ಎಷ್ಟೋ ಸಲ ಬೆರಗಾಗಿದ್ದೇವೆ. ಅಲ್ಲಿ ಕ್ಷಮೆ ಕೊಟ್ಟವರು ಕಳೆದುಕೊಂಡವರೇ ಆಗಿದ್ದರು. ಪಡೆದವರು ಅದನ್ನು ಮಾತಿನಿಂದಲ್ಲ, ಮೈಮುರಿದು ತೀರಿಸಿದರು.

ಕ್ರೋನಿಯೆ ಅವರ ಪ್ರಕರಣದಲ್ಲಿ ಇದು ತಿರುಗುಮುರುಗಾಯಿತು. 2000ದ ಅಕ್ಟೋಬರ್ 11ರಂದು ಅವರಿಗೆ ಆಜೀವ ನಿಷೇಧವಾಯಿತು. ಅದನ್ನು ಅವರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2001ರ ಅಕ್ಟೋಬರಿನಲ್ಲಿ ಪ್ರಿಟೋರಿಯಾದಲ್ಲಿ ಅವರಿಗೆ ಸೋಲಾಯಿತು. ಆಮೇಲೆ ಅವರು ಯಂತ್ರೋಪಕರಣದ ಕಂಪನಿಯೊಂದರಲ್ಲಿ ಹಣಕಾಸಿನ ಕೆಲಸಕ್ಕೆ ಸೇರಿ ಸುಮ್ಮನಿದ್ದರು. ವಾರಾಂತ್ಯಕ್ಕೆ ಮನೆಗೆ ಹೊರಟಾಗ, 2002ರ ಜೂನ್ 1ರಂದು, ಅವರು ಹತ್ತಿದ್ದ ಸರಕು ಸಾಗಣೆಯ ಸಣ್ಣ ವಿಮಾನ ಜಾರ್ಜ್ ಪಟ್ಟಣದ ಬಳಿ ಔಟೆನಿಕ್ವಾ ಬೆಟ್ಟಸಾಲಿಗೆ ಬಡಿಯಿತು. ಇಬ್ಬರು ವಿಮಾನಚಾಲಕರೊಡನೆ ಕ್ರೋನಿಯೆ ತೀರಿಕೊಂಡರು. ವಯಸ್ಸು 32. ಓದಿದ ಶಾಲೆಯ ಅಂಗಳದಲ್ಲಿಯೇ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯಿತು. ಸಾವು ಎಲ್ಲ ಲೆಕ್ಕಗಳನ್ನೂ ಮೃದುಗೊಳಿಸುತ್ತದೆ. 2004ರಲ್ಲಿ ಅಲ್ಲಿಯ ದೂರದರ್ಶನ ವಾಹಿನಿ ನಡೆಸಿದ ಜನಮತದಲ್ಲಿ, ದಕ್ಷಿಣ ಆಫ್ರಿಕಾದ ಮಹಾನ್ ವ್ಯಕ್ತಿಗಳ ಸಾಲಿನಲ್ಲಿ ಕ್ರೋನಿಯೆ ಅವರಿಗೆ 11ನೆಯ ಸ್ಥಾನ ಸಿಕ್ಕಿತು. 2008ರಲ್ಲಿ ಅವರ ಅಣ್ಣನೇ ಅವರ ಬದುಕನ್ನು ಕುರಿತು ಚಲನಚಿತ್ರ ತಂದರು. ನಾಡು ತನ್ನ ಬಿದ್ದ ಮಗನನ್ನು ಎತ್ತಿಕೊಂಡಿತು.

ಅದನ್ನು ಆಕ್ಷೇಪಿಸುವವರು ನಾವಲ್ಲ. ಆದರೆ ಗಿಬ್ಸ್ ಮತ್ತು ವಿಲಿಯಮ್ಸ್? ಇಬ್ಬರಿಗೂ ಆರು ತಿಂಗಳ ನಿಷೇಧ. ಗಿಬ್ಸ್‌ಗೆ 60,000 ರ್‍ಯಾಂಡ್, ವಿಲಿಯಮ್ಸ್‌ಗೆ 10,000 ರ್‍ಯಾಂಡ್ ದಂಡ. ಗಿಬ್ಸ್ ಅಪಾರ ಪ್ರತಿಭೆಯ ಬಲದಿಂದ ಎದ್ದು ನಿಂತರು. 2007ರ ವಿಶ್ವಕಪ್ಪಿನಲ್ಲಿ ಒಂದೇ ಓವರಿನ ಆರೂ ಎಸೆತಗಳನ್ನು ಸಿಕ್ಸರಿಗೆ ಎತ್ತಿದವರು ಅವರೇ. ಆದರೂ ಪೊಲೀಸ್ ವಿಚಾರಣೆಯ ಭಯದಿಂದ ವರ್ಷಗಟ್ಟಲೆ ಭಾರತದ ಕಡೆ ತಲೆ ಹಾಕಲಿಲ್ಲ. 2006ರ ಅಕ್ಟೋಬರಿನಲ್ಲಿ ಬಂದಾಗ ದೆಹಲಿ ಪೊಲೀಸರ ಮುಂದೆ ಕುಳಿತು ಉತ್ತರಿಸಬೇಕಾಯಿತು. ಹೆನ್ರಿ ವಿಲಿಯಮ್ಸ್ ಆಡಿದ್ದು ಒಟ್ಟು ಏಳೇ ಅಂತರರಾಷ್ಟ್ರೀಯ ಪಂದ್ಯ. ನಾಗಪುರದ ಆ ಹನ್ನೊಂದು ಎಸೆತಗಳ ಮೇಲೆ ದೇಶದ ಅಂಗಿ ತೊಡುವ ಭಾಗ್ಯ ಅವರಿಗೆ ಮತ್ತೆ ಬರಲಿಲ್ಲ. ಮಹನೀಯರ ಪಟ್ಟಿಗೆ ಯಾರೂ ಅವರನ್ನು ಸೇರಿಸಲಿಲ್ಲ, ಅವರ ಕಥೆಯನ್ನು ಯಾರೂ ಚಲನಚಿತ್ರ ಮಾಡಲಿಲ್ಲ. ಅಭಿಮಾನಿಗಳು ನಾಯಕನನ್ನು ಮನಸಾರೆ ಕ್ಷಮಿಸಿದರು. ವಿಲಿಯಮ್ಸ್ ಅವರ ಪರವಾಗಿ ಕ್ಷಮಿಸುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು?

ನಮ್ಮ ದೇಶದ ಸ್ಥಿತಿ ಇನ್ನೂ ಬೇರೆ. ಅದೇ ಬೆಂಗಳೂರಿನ ಟೆಸ್ಟ್ ಮೊಹಮ್ಮದ್ ಅಜರುದ್ದೀನ್ ಅವರ 99ನೆಯ ಹಾಗೂ ಕೊನೆಯ ಟೆಸ್ಟ್. ಅದರಲ್ಲಿ ಅವರು 102 ರನ್ ಹೊಡೆದರು. 2000ದ ಡಿಸೆಂಬರಿನಲ್ಲಿ ಕ್ರಿಕೆಟ್ ಮಂಡಳಿ ಅವರಿಗೆ ಆಜೀವ ನಿಷೇಧ ಹೇರಿತು. ಅವರು ಆರೋಪವನ್ನು ನಿರಾಕರಿಸುತ್ತಲೇ ಬಂದರು. 2009ರಲ್ಲಿ ಮೊರಾದಾಬಾದಿನಿಂದ ಲೋಕಸಭೆಗೆ ಆರಿಸಿ ಬಂದರು. 2012ರ ನವೆಂಬರಿನಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ ಆ ನಿಷೇಧ ಕಾನೂನಿನ ದೃಷ್ಟಿಯಲ್ಲಿ ನಿಲ್ಲದೆಂದು ತೀರ್ಪಿತ್ತಿತು. ನ್ಯಾಯಾಲಯದ ಮಾತಿಗೆ ನಾವು ತಲೆಬಾಗಬೇಕು. ಯಾರು ತಪ್ಪಿತಸ್ಥರೆಂದು ಹೇಳುವುದು ನಮ್ಮ ಕೆಲಸವಲ್ಲ. ನಾವು ಗಮನಿಸಿದ್ದು ಜನರ ನಡವಳಿಕೆಯನ್ನು. ಇಲ್ಲಿ ತೆರೆದ ವಿಚಾರಣೆಯಿಲ್ಲ, ಒಪ್ಪಿಗೆಯಿಲ್ಲ, ಕಣ್ಣೀರಿಲ್ಲ. ಹೀಗಾಗಿ ಕ್ಷಮೆಯ ಪ್ರಶ್ನೆಯೂ ಏಳಲಿಲ್ಲ. ಅಂದು ರೊಚ್ಚಿಗೆದ್ದ ಜನರೇ ಕಾಲ ಕಳೆದಂತೆ ಎಲ್ಲವನ್ನೂ ಮರೆತರು. ಮರೆವಿಗೂ ಕ್ಷಮೆಗೂ ಅಜಗಜಾಂತರ. ಗಾಯಕ್ಕೆ ಔಷಧಿ ಹಚ್ಚುವುದು ಬೇರೆ, ಅದರ ಮೇಲೆ ಶಾಲು ಹೊದಿಸುವುದು ಬೇರೆ.

ಇಷ್ಟೆಲ್ಲ ದೂರದ ಊರುಗಳ ಮಾತನಾಡಿ ನಮ್ಮ ಅಂಗಳದ ಮಾತನ್ನು ಬಿಡುವುದು ಸರಿಯಲ್ಲ. ಆರಂಭದಲ್ಲಿ ಹೇಳಿದ ವಿದ್ಯಾರ್ಥಿನಿಲಯದಲ್ಲಿಯೇ, ಮರುವರ್ಷ, ಒಬ್ಬ ಹುಡುಗನ ಟ್ರಂಕಿನಿಂದ 340 ರೂಪಾಯಿ ಕಳುವಾಯಿತು. ಅವನ ತಾಯಿ ವಿಧವೆ. ಕಂಡವರ ಹೊಲದಲ್ಲಿ ಕಳೆ ಕಿತ್ತು ಪರೀಕ್ಷೆಯ ಶುಲ್ಕಕ್ಕೆಂದು ಕೂಡಿಸಿ ಕಳಿಸಿದ ದುಡ್ಡು. ಎರಡು ದಿನದಲ್ಲಿ ಕದ್ದವನು ಗೊತ್ತಾದ. ಅವನು ಓದಿನಲ್ಲಿ ಮುಂದು, ಆಟದಲ್ಲಿಯೂ ಮುಂದು. ವಾಲಿಬಾಲ್ ತಂಡದ ನಾಯಕ, ನಿಲಯಕ್ಕೆ ಎರಡು ಕಪ್ಪುಗಳನ್ನು ತಂದುಕೊಟ್ಟವನು, ಎಲ್ಲರ ಪ್ರೀತಿಯ ಹುಡುಗ. ನಮ್ಮ ಕೋಣೆಗೆ ಬಂದು ಕಾಲು ಹಿಡಿದು ಅತ್ತ. ನಮ್ಮ ಕಣ್ಣೂ ಒದ್ದೆಯಾಯಿತು. ಅಂದು ಸಂಜೆಯ ಪ್ರಾರ್ಥನೆಯಲ್ಲಿ ಅವನನ್ನು ಎಲ್ಲರೆದುರು ನಿಲ್ಲಿಸಿ ತಪ್ಪನ್ನು ಹೇಳಿಸಿ, "ಇವನು ಪಶ್ಚಾತ್ತಾಪಪಟ್ಟಿದ್ದಾನೆ, ಕ್ಷಮಿಸಿದ್ದೇವೆ, ಈ ವಿಷಯವನ್ನು ಇನ್ನು ಯಾರೂ ಎತ್ತಬಾರದು" ಎಂದು ಘೋಷಿಸಿದೆವು. ಹುಡುಗರು ಚಪ್ಪಾಳೆ ತಟ್ಟಿದರು. ಕಳೆದುಕೊಂಡವನಿಗೆ ನಿಲಯದ ಹಣದಿಂದಲೇ 340 ರೂಪಾಯಿ ಎಣಿಸಿ ಕೊಟ್ಟೆವು. ಅವನು ತಲೆ ತಗ್ಗಿಸಿ ತೆಗೆದುಕೊಂಡ. ಪರೀಕ್ಷೆ ಬರೆದು ಹೋದವನು ಮರುವರ್ಷ ನಿಲಯಕ್ಕೆ ಬರಲಿಲ್ಲ. ನಾವು ಅದರ ಕಾರಣವನ್ನು ವಿಚಾರಿಸಲೂ ಇಲ್ಲ. ಆ ಸಂಜೆಯ ಪ್ರಸಂಗವನ್ನು ಎಷ್ಟೋ ಪ್ರವಚನಗಳಲ್ಲಿ ಕ್ಷಮಾಗುಣದ ದೃಷ್ಟಾಂತವಾಗಿ ಹೇಳಿ ಜನರ ಮೆಚ್ಚುಗೆಯನ್ನೂ ಪಡೆದೆವು.

ಹತ್ತು ಹನ್ನೆರಡು ವರ್ಷಗಳ ತರುವಾಯ ಒಂದು ಮದುವೆಯಲ್ಲಿ ಆತ ಎದುರಾದ. ಲೋಕೋಪಯೋಗಿ ಕಾಮಗಾರಿಗಳ ಗುತ್ತಿಗೆದಾರರೊಬ್ಬರ ಬಳಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಶರಣು ಮಾಡಿ ಪಕ್ಕದಲ್ಲಿ ಕುಳಿತ. ಊಟದ ಪಂಕ್ತಿ ಏಳುವ ತನಕ ಅದೂ ಇದೂ ಮಾತಾಯಿತು. ಕೊನೆಗೆ ನಾವೇ ಆ ಹಳೆಯ ಪ್ರಸಂಗವನ್ನು, ನಮ್ಮ ಪ್ರವಚನದ ಗುಂಗಿನಲ್ಲಿಯೇ, ಎತ್ತಿದೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಗುರುಗಳೇ, ತಪ್ಪು ತಿಳಿಯಬೇಡಿ. ದುಡ್ಡು ಬಂತು, ಅದಕ್ಕೆ ನಿಮಗೆ ಋಣಿ. ಆದರೆ ಅವನು ನಿಮ್ಮ ಕಾಲು ಹಿಡಿದ, ಎಲ್ಲರ ಮುಂದೆ ಅತ್ತ. ನನ್ನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ನೀವು ಕ್ಷಮಿಸಿದಿರಿ, ಹುಡುಗರೆಲ್ಲ ಕ್ಷಮಿಸಿದರು. ನನ್ನನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ಆಮೇಲೆ ಅವನ ಜೊತೆ ಮಾತಾಡದ ನಾನೇ ಎಲ್ಲರ ಕಣ್ಣಿಗೆ ಕೆಟ್ಟವನಾದೆ. ಅಲ್ಲಿರಲು ಆಗಲಿಲ್ಲ."

ಆ ಮಾತು ನಮ್ಮನ್ನು ಕುಳಿತಲ್ಲಿಯೇ ಕುಗ್ಗಿಸಿತು. ನಾವು ಕ್ಷಮಿಸಿದ್ದು ಏನನ್ನು? ನಮ್ಮ 340 ರೂಪಾಯಿ ಅಲ್ಲ, ನಮ್ಮ ತಾಯಿ ಕಿತ್ತ ಕಳೆಯಲ್ಲ. ಅನ್ಯರ ಜೇಬಿನ ಹಣವನ್ನು ನಾವು ಧಾರಾಳವಾಗಿ ದಾನಮಾಡಿದ್ದೆವು. ಕದ್ದ ಹುಡುಗನಾದರೂ ಕದ್ದದ್ದು ಹಣವನ್ನು ಮಾತ್ರ. ನೊಂದವನ ಕ್ಷಮಿಸುವ ಹಕ್ಕನ್ನು, ಕ್ಷಮಿಸದಿರುವ ಹಕ್ಕನ್ನು ಕಿತ್ತುಕೊಂಡವರು ನಾವು. ಅವನು ಬಿದ್ದ ತಾರೆಯಾಗಿದ್ದ, ಇವನು ಹೆಸರಿಲ್ಲದ ಹುಡುಗನಾಗಿದ್ದ ಎಂಬುದೂ ನಮ್ಮ ಆತುರಕ್ಕೆ ಕಾರಣವಾಗಿತ್ತೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಆಟದ ಅಂಗಳದ ಕಪ್ಪು ನಮ್ಮ ಕಚೇರಿಯ ಕಪಾಟಿನಲ್ಲಿತ್ತಲ್ಲವೇ! ಅಂದೇ ಆ ಮದುವೆಮನೆಯ ಹಿತ್ತಿಲಲ್ಲಿ, ಕೈತೊಳೆಯುವ ಜಾಗದಲ್ಲಿ, ನಾವು ಆತನಲ್ಲಿ ಕ್ಷಮೆ ಕೇಳಿದೆವು. ಆತ ಗಾಬರಿಯಾಗಿ, "ಛೇ, ನೀವು ಹಾಗೆನ್ನಬಾರದು" ಎಂದು ನಮ್ಮ ಕೈ ಹಿಡಿದುಕೊಂಡ. ಕ್ಷಮಿಸಿದೆನೆಂದು ಮಾತ್ರ ಹೇಳಲಿಲ್ಲ. ನಾವೂ ಒತ್ತಾಯಿಸಲಿಲ್ಲ.

ಕದ್ದವನ ವಿಳಾಸ ನಮ್ಮಲ್ಲಿತ್ತು. ಒಳ್ಳೆಯ ಉದ್ಯೋಗದಲ್ಲಿದ್ದು, ಸಂಕ್ರಾಂತಿಗೆ ತಪ್ಪದೆ ಪತ್ರ ಬರೆಯುತ್ತಿದ್ದ. ಪ್ರತಿ ಪತ್ರದಲ್ಲಿಯೂ ಆ ಸಂಜೆಯನ್ನು ನೆನೆದು ತನ್ನ ಬದುಕು ತಿರುಗಿದ್ದು ಅಂದೇ ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ತಿದ್ದಿಕೊಂಡಿದ್ದ. ಅವನಿಗೆ ನಾವು ಮದುವೆಮನೆಯ ಮಾತನ್ನೆಲ್ಲ ಒಂದಕ್ಷರ ಬಿಡದೆ ಬರೆದೆವು. ಮೂರು ತಿಂಗಳು ಉತ್ತರ ಬರಲಿಲ್ಲ. ಆಮೇಲೆ ಒಂದು ಅಂಚೆಕಾರ್ಡು ಬಂತು: ತಾನು ಆ ಊರಿಗೆ ಹೋಗಿದ್ದೆನೆಂದೂ, ಮನೆಯಲ್ಲಿ ಅವನ ತಾಯಿ ಇದ್ದರೆಂದೂ, ಅವನು ಬರುವ ತನಕ ಜಗಲಿಯಲ್ಲಿ ಕುಳಿತಿದ್ದೆನೆಂದೂ ಅದರಲ್ಲಿತ್ತು. ಅಷ್ಟೇ. ಅವನು ಬಂದ ಮೇಲೆ ಅಲ್ಲಿ ಏನು ಮಾತಾಯಿತೆಂಬುದನ್ನು ಬರೆದಿರಲಿಲ್ಲ. ನಾವು ಇದುವರೆಗೆ ಕೇಳಿಲ್ಲ.